ಮಳೆಗಾಲದ ಕಿವಿ: ಎಣ್ಣೆ, ಬೂಸ್ಟು ಮತ್ತು ಟ್ಯೂನಿಂಗ್ ಫೋರ್ಕ್

ಜೂನ್ ಹಿಡಿದು ಸೆಪ್ಟೆಂಬರ್ ತನಕ ಕುಮಟಾ, ಅಂಕೋಲಾ ಕಡೆಯಿಂದ ಕಿವಿ ತೋರಿಸಲು ಬರುವವರ ದೂರು ಹೆಚ್ಚುಕಡಿಮೆ ಒಂದೇ: ತುರಿಕೆ, ಕಟ್ಟಿದ ಹಾಗೆ, ಒಳಗೆ ನೀರು ನಿಂತ ಹಾಗೆ. ನಾನು ಮೊದಲು ಕೇಳುವುದು, ‘ಕಿವಿಗೆ ಏನೇನು ಹಾಕಿದ್ದೀರಿ?’ ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ, ಇಲ್ಲವೇ ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಡ್ರಾಪ್ಸ್. ಎಣ್ಣೆ ಪದರವಾಗಿ ನಿಂತು ಕಿವಿತಮಟೆಯನ್ನು ಮರೆಮಾಡುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಂದು ಶಿಲೀಂಧ್ರಕ್ಕೆ ಜಾಗ ಬಿಟ್ಟುಕೊಡುತ್ತದೆ.

ಓಟೋಸ್ಕೋಪಿನಲ್ಲಿ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಯಾವಾಗಲೂ ಸರಿಯಿರುವ ಕಿವಿಯನ್ನೇ ಮೊದಲು ನೋಡುತ್ತೇನೆ. ಸೋಂಕು ಆಚೆ ಸಾಗುವುದಿಲ್ಲ, ಹೋಲಿಸಿ ನೋಡಲೂ ಅನುಕೂಲ. ದೊಡ್ಡವರ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಕೂಸಿನ ಕಿವಿಯನ್ನು ಕೆಳಕ್ಕೂ ಹಿಂದಕ್ಕೂ. ಹಿಡಿದ ಕೈಯ ಕಿರುಬೆರಳು ರೋಗಿಯ ಕೆನ್ನೆಗೆ ಆತುಕೊಂಡಿರಲಿ. ಮಗು ತಲೆ ಕೊಡವಿದರೆ ಉಪಕರಣವೂ ಜೊತೆಗೇ ಸರಿಯುತ್ತದೆ, ಒಳಗೆ ಚುಚ್ಚುವುದಿಲ್ಲ. ಒದ್ದೆ ಕಾಗದದಂಥ ಬೂದು ಮುದ್ದೆಯ ಮೇಲೆ ಕರಿ ಚುಕ್ಕೆಗಳಿದ್ದರೆ ಆಸ್ಪರ್ಜಿಲಸ್ ಬೂಸ್ಟು. ಬಿಳಿ ಮೊಸರಿನಂತಿದ್ದರೆ ಹೆಚ್ಚಾಗಿ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ. ಸಕ್ಷನ್‌ನಲ್ಲಿ ಪೂರ್ತಿ ತೆಗೆದು ಒಣಗಿಸಿದ ಮೇಲೆಯೇ ಶಿಲೀಂಧ್ರದ ಔಷಧಿ ಕ್ಲೋಟ್ರಿಮಜೋಲ್. ಮುದ್ದೆಯ ಮೇಲೆ ಹನಿ ಬಿಟ್ಟರೆ ಔಷಧಿ ಚರ್ಮಕ್ಕೆ ತಲುಪುವುದೇ ಇಲ್ಲ. ತಮಟೆ ಕಾಣುವವರೆಗೆ ಪಿಚಕಾರಿಯಿಂದ ನೀರು ಹಾಯಿಸುವುದಿಲ್ಲ, ತೂತಿದ್ದರೆ ಸೋಂಕು ಮಧ್ಯಕಿವಿಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರು ನಿದ್ದೆಗೆಡಿಸುವ ಕಿವಿನೋವು ಹೇಳಿದರೆ, ನಾಳದ ತಳದಲ್ಲಿ ಕೆಂಪು ಮಾಂಸದ ಚಿಗುರು ಇದೆಯೇ ಎಂದು ಹುಡುಕಿ. ಅದು ಎಲುಬಿಗೆ ಇಳಿಯುವ ಸೋಂಕು. ಬರೀ ಡ್ರಾಪ್ಸ್ ಸಾಲದು.

‘ಕಿವಿ ಕಟ್ಟಿದೆ’ ಎಂದವರಿಗೆಲ್ಲ 512 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಒಂದೇ ಸ್ವರ ಹೊಮ್ಮಿಸುವ ಎರಡು ಕಡ್ಡಿಯ ಕವಲು) ಹಿಡಿಯದೆ ಕಳಿಸುವುದಿಲ್ಲ. ಅದಕ್ಕಿಂತ ಕೆಳಗಿನದರಲ್ಲಿ ಶಬ್ದಕ್ಕಿಂತ ಎಲುಬಿನ ನಡುಕವೇ ಗೊತ್ತಾಗುತ್ತದೆ, ಮೇಲಿನದು ಬೇಗ ಅಡಗುತ್ತದೆ. ಮೇಜಿಗೆ ಬಡಿಯಬೇಡಿ, ಬೇಡದ ಸ್ವರಗಳು ಸೇರುತ್ತವೆ. ನಾನು ಮೊಣಕೈಗೆ ತಟ್ಟುತ್ತೇನೆ. ಗಾಳಿಯಲ್ಲಿ ಜೋರೋ ಎಲುಬಿನ ಮೇಲೆ ಜೋರೋ ಎಂದು ನೋಡುವ ರಿನ್ನೆ ಪರೀಕ್ಷೆಗೆ ಎರಡೂ ಕಡ್ಡಿಗಳು ಕಿವಿನಾಳದ ನೇರಕ್ಕೆ ಬರುವಂತೆ ಸುಮಾರು 2 ಸೆಂ.ಮೀ. ದೂರ, ಆಮೇಲೆ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಗಟ್ಟಿಯಾಗಿ ಒತ್ತಿ. ಎಲುಬಿನ ಮೇಲೇ ಜೋರು ಎಂದರೆ ತಡೆ ಹೊರಕಿವಿ ಅಥವಾ ಮಧ್ಯಕಿವಿಯಲ್ಲಿದೆ.

ವೇಬರ್‌ಗೆ ಬುಡವನ್ನು ಹಣೆಯ ನಡುವೆ ಇಟ್ಟು, ಶಬ್ದ ಯಾವ ಕಿವಿಯಲ್ಲಿ ಜೋರು ಎಂದು ಕೇಳಬೇಕು. ಎಡವುವುದು ಇಲ್ಲೇ. ಕೇಳದ ಕಿವಿಯಲ್ಲೇ ಜೋರಾಗಿ ಕೇಳಿದರೆ ರೋಗಿಗೆ ತನ್ನ ಮೇಲೇ ಅನುಮಾನ, ಸಂಕೋಚದಿಂದ ಒಳ್ಳೆ ಕಿವಿ ತೋರಿಸುತ್ತಾರೆ. ಅದಕ್ಕೆ ಮೊದಲೇ ಅವರಿಂದ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಸಿ ‘ಹ್ಞೂಂ’ ಅನ್ನಿಸುತ್ತೇನೆ. ಮುಚ್ಚಿದ ಕಡೆಗೇ ಶಬ್ದ ಸರಿಯುತ್ತದೆ. ‘ಹೀಗಾಗುವುದುಂಟು, ಕೇಳಿದ್ದನ್ನೇ ಹೇಳಿ’ ಅಂದ ಮೇಲೆ ಸರಿಯಾದ ಉತ್ತರ ಬರುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಿವಿ ನೋಡಲು ಚೊಕ್ಕವಾಗಿದೆ, ರಿನ್ನೆಯಲ್ಲಿ ಗಾಳಿಯದೇ ಜೋರು, ವೇಬರ್ ಒಳ್ಳೆ ಕಿವಿಗೆ ಹೋಗುತ್ತದೆ, ಕೇಳುವುದು ಮೂರು ದಿನದೊಳಗೇ ಕುಸಿದಿದೆ ಎಂದಾದರೆ ಅದು ಶೀತದ ಕಟ್ಟುವಿಕೆಯಲ್ಲ, ಒಳಕಿವಿಯ ಹಠಾತ್ ಕಿವುಡು. ಆ ದಿನವೇ ಆಡಿಯೋಮೆಟ್ರಿ (ಯಂತ್ರದಲ್ಲಿ ಶ್ರವಣ ಅಳೆಯುವುದು) ಆಗಬೇಕು. ಸ್ಟೀರಾಯ್ಡ್ ಆದಷ್ಟು ಬೇಗ ಸಿಗಬೇಕು, ಎರಡು ವಾರ ದಾಟಿದರೆ ಫಲ ತೀರಾ ಕಡಿಮೆ. ‘ದೇವಿಮನೆ ಘಟ್ಟ ಇಳಿಯುವಾಗ ಕಿವಿ ಕಟ್ಟಿತು, ಬಿಡಲೇ ಇಲ್ಲ’ ಎಂದು ಹೇಳುವವರಲ್ಲೂ ಇದೇ ಪರೀಕ್ಷೆ. ಒತ್ತಡದ ತೊಂದರೆಯಾದರೆ ವೇಬರ್ ಕಟ್ಟಿದ ಕಿವಿಗೇ ಹೋಗುತ್ತದೆ. ಒಂದು ಕಿವಿ ಪೂರ್ತಿ ಸತ್ತಿದ್ದರೆ ಮಾತ್ರ ರಿನ್ನೆ ಮೋಸ ಮಾಡುತ್ತದೆ: ಎಲುಬಿನ ಶಬ್ದವನ್ನು ಆಚೆ ಕಿವಿ ಕೇಳಿಸಿಕೊಂಡಿರುತ್ತದೆ. ಆಗ ಆಚೆ ಕಿವಿಯ ಹತ್ತಿರ ಕಾಗದ ಉಜ್ಜಿ ಸದ್ದು ಮಾಡುತ್ತ ಮತ್ತೊಮ್ಮೆ ನೋಡಬೇಕು.

ಕಿವಿನೋವಿದೆ, ಕಿವಿ ಸರಿಯಿದೆ ಎಂದಾದರೆ ಬಾಯಿ ತೆಗೆಸಿ. ಹಲ್ಲು, ಟಾನ್ಸಿಲ್, ನಾಲಿಗೆಯ ಬುಡ, ಅನ್ನನಾಳದ ಬಾಯಿ, ಇವುಗಳ ನೋವೂ ಕಿವಿಗೆ ಬರುತ್ತದೆ. ತಂಬಾಕು ಸೇರಿಸಿ ಕವಳ (ಎಲೆಅಡಿಕೆ) ಹಾಕುವವರಲ್ಲಿ ಒಂದೇ ಕಡೆ ಇಂಥ ನೋವಿದ್ದರೆ ಕನ್ನಡಿಯಿಂದಲೋ ಎಂಡೋಸ್ಕೋಪ್‌ನಿಂದಲೋ ಗಂಟಲ ಆಳದವರೆಗೆ ನೋಡದೆ ಬಿಡುವಂತಿಲ್ಲ. ಬಿಸಿ ಮಾಡಿದ ಕನ್ನಡಿಯನ್ನು ಮೊದಲು ಸ್ವಂತ ಮುಂಗೈಗೆ ಮುಟ್ಟಿಸಿ. ಮೂರು ವಾರ ಮೀರಿದ ಗೊಗ್ಗರು ದನಿಗೂ ಇದೇ ಮಾತು.

ಮೀನಿನ ಮುಳ್ಳಿಗೆ ಅನ್ನದುಂಡೆ ನುಂಗಿಸಬೇಡಿ, ಮುಳ್ಳು ಇನ್ನೂ ಆಳಕ್ಕೆ ಹೋಗುತ್ತದೆ. ರೋಗಿ ಒಂದು ಬದಿಗೆ ಬೆರಳಿಟ್ಟು ತೋರಿಸಿದರೆ ಮೊದಲು ಆ ಕಡೆಯ ಟಾನ್ಸಿಲ್ ಹುಡುಕಿ. ಎಕ್ಸ್‌ರೇಯಲ್ಲಿ ಕಾಣಲಿಲ್ಲವೆಂದು ಮುಳ್ಳಿಲ್ಲ ಅನ್ನುವ ಹಾಗಿಲ್ಲ, ನೋವು ಉಳಿದರೆ ಸಿಟಿ ಸ್ಕ್ಯಾನ್.

ಉಸಿರು ಒಳಗೆಳೆಯುವಾಗ ‘ಕೊರ್’ ಎಂಬ ಸದ್ದು ಬಂದರೆ ತಡೆ ಗಂಟಲಲ್ಲಿ, ಹೊರಬಿಡುವಾಗ ಬಂದರೆ ಎದೆಯೊಳಗೆ. ಒಳಗೆಳೆಯುವ ಸದ್ದಿನ ಜೊತೆ ಜ್ವರ, ಜೊಲ್ಲು ಸುರಿಯುವುದು ಇರುವ ಮಗುವಿನ ನಾಲಿಗೆಯನ್ನು ಯಾವುದರಿಂದಲೂ ಒತ್ತಬೇಡಿ. ಊದಿದ ಎಪಿಗ್ಲಾಟಿಸ್ (ನಾಲಿಗೆಯ ಬುಡದ ಹಿಂದಿರುವ, ಶ್ವಾಸದ್ವಾರದ ಮುಚ್ಚಳ) ಉಸಿರಿನ ದಾರಿಯನ್ನೇ ಮುಚ್ಚಬಹುದು. ಮಗುವನ್ನು ತಾಯಿಯ ತೊಡೆಯ ಮೇಲೆ ಕೂತಂತೆಯೇ ಬಿಟ್ಟು, ಆಕ್ಸಿಜನ್ ಕೊಡುತ್ತ, ಅರಿವಳಿಕೆ ವೈದ್ಯರಿರುವ ಆಸ್ಪತ್ರೆಗೆ ಸಾಗಿಸಿ. ಅವರಿಗೆ ಮೊದಲೇ ಫೋನ್ ಮಾಡಿ ಹೇಳಿ.