ಬೆಳಗಾವಿಯಿಂದ ಕಡಲಿಗೆ: ಸಂಜೆ ನೋಡಿ, ಮುಂಜಾನೆ ಇಳಿಯಿರಿ

ನಸುಕಿನಲ್ಲಿ ಬೆಳಗಾವಿ ಬಿಡುವುದು, ಚೋರ್ಲಾ ಘಾಟ್ ಇಳಿದು ಹತ್ತು ಗಂಟೆಗೆ ಗೋವಾ ಮುಟ್ಟುವುದು, ಚಪ್ಪಲಿ ಬಿಟ್ಟವರೇ ನೀರಿಗೆ ಓಡುವುದು. ನಮ್ಮ ಕಡೆಯ ಮಂದಿಯ ರೂಢಿ ಇದು. ನೆತ್ತಿ ಸುಡುವ ಬಿಸಿಲಲ್ಲಿ ನೀರಾಟ ಮುಗಿಯುತ್ತದೆ, ಊಟ ಆಗುತ್ತದೆ. ಆಮೇಲೆ ‘ಕತ್ತಲಾಗೋದ್ರೊಳಗೆ ಘಾಟ್ ಹತ್ತಬೇಕು’ ಅಂತ ಅವಸರ. ಸೂರ್ಯ ಕಡಲಿಗೆ ಇಳಿಯುವ ಹೊತ್ತಿಗೆ ಗಾಡಿ ಸಾಖಳಿ ದಾಟಿರುತ್ತದೆ.

ಈ ಕ್ರಮ ತಿರುಗಿಸಿ ನೋಡಿ. ಮುಂಜಾನೆಯ ಕೆಲಸ ಮುಗಿಸಿ ಹನ್ನೊಂದಕ್ಕೆ ಹೊರಡಿ. ಮೊದಲ ಸಂಜೆ ನೀರಿಗೆ ಇಳಿಯದೆ ದಡದಲ್ಲಿ ಸುಮ್ನೆ ಕೂತು ಸೂರ್ಯಾಸ್ತ ನೋಡಿ. ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಸರ್ಫಿಂಗ್, ಅಂದರೆ ಉದ್ದನೆಯ ಬೋರ್ಡ್ ಮೇಲೆ ನಿಂತು ಅಲೆಯ ಜೊತೆ ಸಾಗುವುದನ್ನು, ಕಲಿಯಿರಿ. ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತ ನಮಗೆ ಕಡಲು ಬೇರೆಯೇ ನೀರು. ಅದರ ಪರಿಚಯಕ್ಕೆ ಒಂದು ಸಂಜೆಯಾದರೂ ಬೇಕು.

ತಿಂಗಳು, ತಿಥಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಿಚಾರವೇ ಬೇಡ. ಮಳೆಗಾಲದ ಅರಬ್ಬಿ ಸಮುದ್ರ ಹೊಸಬರಿಗಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲೆ ಸಣ್ಣವು, ಗಾಳಿ ಹಿತ. ಮೊದಲ ಸಲ ಹೋಗುವವರಿಗೆ ಇದೇ ಹೊತ್ತು. ಮಾರ್ಚ್ ಆದಮೇಲೆ ಅಲೆ ದೊಡ್ಡದಾಗುತ್ತಾ ಹೋಗುತ್ತವೆ, ಸೆಕೆಯೂ ಜಾಸ್ತಿ.

ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ಇದು ಶಾಸ್ತ್ರದ ಮಾತಲ್ಲ, ನೀರಿನ ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ತುಂಬಾ ಮೇಲೆ ಬರುತ್ತದೆ, ಇಳಿತ ತುಂಬಾ ಕೆಳಗೆ ಹೋಗುತ್ತದೆ. ಅಷ್ಟಮಿ ಹತ್ತಿರ ಈ ಏರಿಳಿತ ಕಡಿಮೆ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರದ ಸೆಳೆತವೂ ಕಡಿಮೆ. ಕಲಿಯುವವರಿಗೆ ಅಷ್ಟಮಿಯ ವಾರ ಒಳ್ಳೆಯದು. ಸೂರ್ಯಾಸ್ತಕ್ಕಾಗಿಯೇ ಹೋಗುವವರು ಹುಣ್ಣಿಮೆ ಆರಿಸಿಕೊಳ್ಳಲಿ. ಎದುರಿಗೆ ಸೂರ್ಯ ಇಳಿಯುವಾಗಲೇ ಬೆನ್ನ ಹಿಂದೆ ತೆಂಗಿನ ಮರಗಳ ಸಂದಿಯಲ್ಲಿ ಚಂದ್ರ ಏಳುತ್ತಾನೆ. ಒಮ್ಮೆ ತಿರುಗಿ ನೋಡಲು ಮರೆಯಬೇಡಿ.

ಯಾವ ದಡ?

ಬೆಳಗಾವಿಯವರಿಗೆ ಹತ್ತಿರ ಅಂದರೆ ಉತ್ತರ ಗೋವಾ. ಅಲ್ಲಿನ ಅರಂಬೋಲ್, ಮಾಂದ್ರೆ, ಅಶ್ವೆ, ಮೊರ್ಜಿ ಸಾಲಾಗಿ ಬರುತ್ತವೆ. ತಳ ಬಹುತೇಕ ಮರಳು, ಆಳ ನಿಧಾನಕ್ಕೆ ಬರುತ್ತದೆ, ಕಲಿಸುವವರೂ ಇದ್ದಾರೆ. ಅಶ್ವೆಯಲ್ಲಿ ಅಲ್ಲಲ್ಲಿ ಬಂಡೆಗಳಿವೆ, ಆ ಜಾಗ ಬಿಟ್ಟು ಇಳಿಯಬೇಕು. ಮೊದಲ ಸಲಕ್ಕೆ ನನ್ನ ಆಯ್ಕೆ ಇದೇ ಸಾಲು.

ನಮ್ಮ ರಾಜ್ಯದಲ್ಲೇ ಕಲಿಯಬೇಕು ಅನ್ನುವವರಿಗೆ ಗೋಕರ್ಣ ಇದೆ. ಧಾರವಾಡ, ಯಲ್ಲಾಪುರ, ಅರಬೈಲ್ ಘಾಟ್ ಮೇಲೆ ಹೋದರೆ ಅರ್ಧ ದಿನದ ಹಾದಿ. ಊರಿಗೆ ತಾಗಿದ ಉದ್ದನೆಯ ಮುಖ್ಯ ಕಡಲತೀರ ಕಲಿಕೆಗೆ ಸರಿ. ಓಂ ಬೀಚ್ ನೋಡಲು ಚೆಂದ, ಆದರೆ ಬಂಡೆಗಳ ನಡುವೆ ಹೊಸಬರು ಬೋರ್ಡ್ ಹಿಡಿಯಬಾರದು. ಸಂಜೆಗೆ ಕುಡ್ಲೆ ಕಡೆ ಹೋಗುವ ಗುಡ್ಡದ ಮೇಲೆ ಕೂತರೆ ಸಾಕು.

ಸರ್ಫಿಂಗ್ ಹುಚ್ಚು ಹಿಡಿದರೆ ಮುಂದಿನ ಮೆಟ್ಟಿಲು ಮೂಲ್ಕಿ. 2004ರಲ್ಲಿ ಅಲ್ಲಿ ಒಂದು ಆಶ್ರಮದವರು ಸರ್ಫಿಂಗ್ ಶುರು ಮಾಡಿದರು. ಅದನ್ನು ನೋಡಿ ಕರಾವಳಿಯ ಹುಡುಗರು ಬೋರ್ಡ್ ಹಿಡಿದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಬೆಳಗಾವಿಯಿಂದ ಅದು ರಾತ್ರಿ ಬಸ್ಸಿನ ದೂರ.

ಬರೀ ಸೂರ್ಯಾಸ್ತ ಸಾಕು ಅನ್ನುವ ಹಿರಿಯರು ಜೊತೆಗಿದ್ದರೆ ಕಾರವಾರಕ್ಕೆ ಹೋಗಿ. ರವೀಂದ್ರನಾಥ ಠಾಕೂರರ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ಕವಿ ಬಂದು ಉಳಿದ ಆ ಕಡಲತೀರಕ್ಕೆ ಈಗ ಅವರದೇ ಹೆಸರು. ಎದುರಿಗೆ ಕೊಲ್ಲಿ, ಕೊಲ್ಲಿಯಲ್ಲಿ ದ್ವೀಪಗಳು, ಅವುಗಳಾಚೆ ಕೆಂಪು ಆಕಾಶ. ಅಂಬೋಲಿ ಘಾಟ್ ಇಳಿದು ಮಹಾರಾಷ್ಟ್ರದ ವೆಂಗುರ್ಲೆಗೂ ಹೋಗಬಹುದು, ಅಲ್ಲಿ ಗದ್ದಲ ಕಡಿಮೆ.

ದಾರಿ

ಉತ್ತರ ಗೋವಾಕ್ಕೆ ಜಾಂಬೋಟಿ, ಕಣಕುಂಬಿ, ಚೋರ್ಲಾ ದಾರಿ. ಮೂರರಿಂದ ನಾಲ್ಕು ತಾಸು ಇಟ್ಟುಕೊಳ್ಳಿ. ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ ಕಣಕುಂಬಿಯಲ್ಲಿ ಬಿಚ್ಚಿ. ನಮ್ಮ ಮಲಪ್ರಭೆ ಹುಟ್ಟುವ ಊರು ಅದು. ಪಶ್ಚಿಮದ ಕಡಲು ಅಲ್ಲಿಂದ ಐವತ್ತು-ಅರವತ್ತು ಕಿ.ಮೀ. ಇರಬಹುದು, ಅಷ್ಟೇ. ಆದರೂ ಹೊಳೆ ಪೂರ್ವಕ್ಕೆ ತಿರುಗಿ ಸವದತ್ತಿ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾವು ಅದಕ್ಕೆ ಬೆನ್ನು ಹಾಕಿ ಘಾಟ್ ಇಳಿಯುತ್ತೇವೆ. ಪ್ರತಿ ಸಲ ಅಲ್ಲಿ ಗಾಡಿ ನಿಲ್ಲಿಸಿದಾಗಲೂ ನನಗೆ ಇದೇ ನೆನಪಾಗುತ್ತದೆ.

ಸಂಜೆ: ಕೂತು ನೋಡುವುದು

ಸೂರ್ಯ ಮುಳುಗುವುದಕ್ಕೆ ಒಂದೂವರೆ ತಾಸು ಮೊದಲೇ ದಡದಲ್ಲಿರಿ. ಗೋವಾ ತೀರದಲ್ಲಿ ನವೆಂಬರ್ ಕೊನೆಗೆ ಆರು ಗಂಟೆಗೆಲ್ಲ ಸೂರ್ಯಾಸ್ತ, ಜೂನ್ ಕೊನೆಗೆ ಏಳು ದಾಟುತ್ತದೆ. ಗಡಿಯಾರ ಇಲ್ಲದೆಯೂ ತಿಳಿಯಬಹುದು. ಕೈ ಚಾಚಿ, ಬೆರಳು ಅಡ್ಡ ಹಿಡಿದು, ನೀರಿನ ಅಂಚಿಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಒಂದು ಬೆರಳಿಗೆ ಸುಮಾರು ಕಾಲು ತಾಸು.

ಜಾಗ ಆರಿಸುವಾಗ ಒಂದು ಮಾತು ನೆನಪಿರಲಿ. ಚಳಿಗಾಲದಲ್ಲಿ ಸೂರ್ಯ ನಟ್ಟ ಪಶ್ಚಿಮಕ್ಕೆ ಇಳಿಯುವುದಿಲ್ಲ, ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದಿರುತ್ತಾನೆ. ನಿಮ್ಮ ಎಡಕ್ಕೆ ಗುಡ್ಡ ಚಾಚಿದ್ದರೆ ಸೂರ್ಯ ನೀರಿಗೆ ಬೀಳುವ ಮೊದಲೇ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ. ಡಿಸೆಂಬರ್‌ನಲ್ಲಿ ಎಡಗಡೆ ಬಯಲಾಗಿರುವ ದಡ ಹುಡುಕಿ.

ಈಗ ಅಲೆ ನೋಡಿ. ಎಲ್ಲಿ ಒಡೆಯುತ್ತವೆ, ದೊಡ್ಡವು ಎಷ್ಟು ಹೊತ್ತಿಗೊಮ್ಮೆ ಗುಂಪಾಗಿ ಬರುತ್ತವೆ, ಎಣಿಸಿ. ಎರಡು ಕಡೆ ಬೆಳ್ಳಗೆ ನೊರೆ ಎದ್ದು, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಸಮನಾಗಿ ಕಂಡರೆ ಅದು ಶಾಂತ ನೀರಲ್ಲ. ದಡಕ್ಕೆ ಬಂದ ನೀರು ಒಳಕ್ಕೆ ಹಿಂದಿರುಗುವ ಹಾದಿ ಅದು, ಸೆಳೆತ ಇರುವುದೇ ಅಲ್ಲಿ. ಮಾಂದ್ರೆಯಲ್ಲಿ ಒಂದು ಸಂಜೆ ತೆಂಗಿನಕಾಯಿಯ ಒಂದು ಸಿಪ್ಪೆ ಅಂಥ ಪಟ್ಟಿಗೆ ಸಿಕ್ಕಿದ್ದನ್ನು ಕಂಡೆ. ಅಕ್ಕಪಕ್ಕದ ಅಲೆಗಳು ಎಲ್ಲವನ್ನೂ ದಡಕ್ಕೆ ತಂದು ಹಾಕುತ್ತಿದ್ದವು. ಈ ಸಿಪ್ಪೆ ಮಾತ್ರ ಅಲುಗಾಡದೆ, ಯಾರೋ ದಾರ ಕಟ್ಟಿ ಎಳೆದ ಹಾಗೆ ಒಳಕ್ಕೆ ಹೋಯಿತು. ನಾನು ಇನ್ನೂರು ಎಣಿಸುವುದರೊಳಗೆ ಅಲೆ ಒಡೆಯುವ ಸಾಲು ದಾಟಿತ್ತು. ಇಂಥದ್ದಕ್ಕೆ ಸಿಕ್ಕರೆ ದಡದ ಕಡೆ ಈಜಿ ದಣಿಯಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ನೊರೆ ಇರುವ ಕಡೆಯಿಂದ ವಾಪಸ್ ಬನ್ನಿ. ಕೈಯೆತ್ತಿ ಕೂಗಿ.

ಸೂರ್ಯನ ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪ, ಅಷ್ಟೇ. ಆ ಹೊತ್ತು ಫೋನ್ ಕೆಳಗಿಡಿ. ಮುಳುಗಿದ ಕೂಡಲೇ ಜನ ಎದ್ದು ಹೊರಡುತ್ತಾರೆ, ನೀವು ಏಳಬೇಡಿ. ಮೇಲೆ ಮೋಡದ ತುಣುಕುಗಳಿದ್ದರೆ ನಿಜವಾದ ಬಣ್ಣ ಬರುವುದು ಮುಂದಿನ ಹದಿನೈದು-ಇಪ್ಪತ್ತು ನಿಮಿಷದಲ್ಲಿ. ಮೊದಲು ಕಿತ್ತಳೆ, ಆಮೇಲೆ ಗುಲಾಬಿ, ಕೊನೆಗೆ ಬದನೆಕಾಯಿ ಬಣ್ಣ. ಒದ್ದೆ ಮರಳಿನಲ್ಲೂ ಅದೇ ಬಣ್ಣ ಮೂಡುತ್ತದೆ.

ಮೊರ್ಜಿ, ಮಾಂದ್ರೆ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ರಾತ್ರಿ ಬೆಂಕಿ ಹಾಕಬೇಡಿ, ಟಾರ್ಚ್ ಬಿಡಬೇಡಿ.

ಮುಂಜಾನೆ: ಇಳಿಯುವುದು

ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆ ನುಣುಪಾಗಿರುತ್ತವೆ. ಹೊತ್ತು ಏರಿದಂತೆ ಗಾಳಿ ತಿರುಗಿ ನೀರು ಕದಡುತ್ತದೆ. ಏಳು ಗಂಟೆಯ ಪಾಠವೇ ಕೇಳಿ. ಒಂದು ಬಾಳೆಹಣ್ಣು ತಿಂದು ಹೋಗಿ, ತೋಳು ತುಂಬಾ ಇರುವ ಬಿಗಿ ಅಂಗಿ ಹಾಕಿ. ಇಲ್ಲವಾದರೆ ಬೋರ್ಡ್ ಉಜ್ಜಿ ಎದೆ, ಹೊಟ್ಟೆ ಕೆಂಪಾಗುತ್ತವೆ. ಈಜು ಬರುತ್ತದೋ ಇಲ್ಲವೋ ನಿಜ ಹೇಳಿ. ಕೆಂಪು ಬಾವುಟ ಹಾರುತ್ತಿದ್ದರೆ ದುಡ್ಡು ಕಟ್ಟಿದ್ದರೂ ಇಳಿಯಬೇಡಿ.

ಎಂಟು-ಒಂಬತ್ತು ಅಡಿಯ, ಮೆತ್ತನೆ ಫೋಮ್ ಇರುವ ಬೋರ್ಡ್ ಕೇಳಿ. ಸಣ್ಣದು ನೋಡಲು ಚೆಂದ, ನಿಲ್ಲಲು ಕಷ್ಟ. ಯಾರಾದರೂ ಹಿಂದಿನಿಂದ ಮೆಲ್ಲಗೆ ನೂಕಿದಾಗ ನಿಮ್ಮ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಬೋರ್ಡ್ ಮೇಲೂ ಅದೇ ಮುಂದೆ. ಬೋರ್ಡಿನ ಹಗ್ಗ ಹಿಂದಿನ ಕಾಲಿಗೆ ಕಟ್ಟಬೇಕು.

ಮೊದಲ ಅರ್ಧ ತಾಸು ಮರಳಿನ ಮೇಲೇ ಅಭ್ಯಾಸ. ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಹತ್ತಿರ ಊರಿ, ಭುಜಂಗಾಸನದ ಹಾಗೆ ಎದೆ ಎತ್ತಿ. ಅಲ್ಲಿಂದ ಒಂದೇ ಏಟಿಗೆ ಎರಡೂ ಕಾಲು ಒಳಗೆ ತಂದು ನಿಲ್ಲಿ. ಮಂಡಿ ಊರಿ ಏಳುವ ಅಭ್ಯಾಸ ಮಾಡಿಕೊಳ್ಳಬೇಡಿ, ಆಮೇಲೆ ಬಿಡಿಸುವುದು ಕಷ್ಟ. ಮಂಡಿ ಬಗ್ಗಿರಲಿ, ಕಣ್ಣು ದಡದ ಮೇಲೆ. ಕಾಲು ನೋಡಿಕೊಂಡರೆ ಬಿದ್ದಿರಿ ಅಂತಲೇ ಅರ್ಥ.

ನೀರು ಸೊಂಟದ ಮಟ್ಟ ದಾಟಬೇಡಿ. ಒಡೆದು ಬರುವ ನೊರೆ ಅಲೆಯೇ ಸಾಕು. ಬೋರ್ಡ್ ಯಾವತ್ತೂ ನಿಮ್ಮ ಪಕ್ಕಕ್ಕಿರಲಿ. ನಿಮಗೂ ಅಲೆಗೂ ನಡುವೆ ಬಂದರೆ ಅದು ಬಂದು ಮುಖಕ್ಕೇ ಬಡಿಯುತ್ತದೆ. ಅಲೆ ಬರುವಾಗ ದಡದ ಕಡೆ ಮುಖ ಮಾಡಿ ಬೋರ್ಡ್ ಮೇಲೆ ಬೋರಲು ಮಲಗಿ, ನೊರೆ ಕಾಲಿಗೆ ತಾಗುವ ಮೊದಲೇ ನೀರಲ್ಲಿ ಜೋರಾಗಿ ಕೈ ಹೊಡೆಯಿರಿ. ಬೋರ್ಡ್ ತಾನೇ ಓಡಲು ಶುರುವಾದಾಗ ಎದ್ದು ನಿಲ್ಲಿ. ಬೀಳುವಾಗ ತಲೆ ಮೊದಲು ಬೇಡ, ಅಗಲವಾಗಿ ಬೀಳಿ. ಮೇಲೆ ಏಳುವಾಗ ತೋಳಿನಿಂದ ತಲೆ ಮುಚ್ಚಿಕೊಳ್ಳಿ.

ಹತ್ತು ಸಲ ಬಿದ್ದ ಮೇಲೆ ಒಂದು ಸಲ ನಿಲ್ಲುತ್ತೀರಿ. ನಾಲ್ಕೈದು ಸೆಕೆಂಡ್ ಇರಬಹುದು. ಅಂಗಾಲಿನ ಕೆಳಗೆ ನೀರು ಗುರ್ ಅನ್ನುವುದು ಗೊತ್ತಾಗುತ್ತದೆ, ದಡ ತಾನೇ ನಿಮ್ಮ ಕಡೆ ಬರುತ್ತದೆ.

ಒಂದೂವರೆ ತಾಸಿಗೆ ತೋಳು ಸೋಲುತ್ತವೆ. ಆಗ ‘ಇನ್ನೊಂದೇ ಅಲೆ’ ಅನ್ನದೆ ಹೊರಗೆ ಬನ್ನಿ. ಸಿಹಿನೀರಲ್ಲಿ ತೊಳೆದುಕೊಂಡು, ಹೊಟ್ಟೆ ತುಂಬಾ ಊಟ ಮಾಡಿ, ಒಂದು ತಾಸು ಮಲಗಿ. ಗಾಡಿ ಓಡಿಸುವವರಂತೂ ಮಲಗಲೇಬೇಕು. ಎರಡು ಗಂಟೆಗೆ ಹೊರಟರೆ ಬೆಳಕಿರುವಾಗಲೇ ಚೋರ್ಲಾ ಹತ್ತಬಹುದು. ಹಿಂದಿನ ಸಂಜೆಯ ಸೂರ್ಯಾಸ್ತ ನೋಡಿ ಆಗಿರುವುದರಿಂದ ಈ ಸಲ ಅವಸರ ಇರುವುದಿಲ್ಲ.