ಗಾಳಿಗೆ ತಿರುಗುವ ವೆಂಟಿಲೇಟರ್ ಹಾಕಿಸೋ ಮೊದಲು ಸೂರು ನೋಡಿ

ಅಟ್ಟ ಕಾದು ಕುಲುಮೆಯಾಗುತ್ತಿದೆ ಅಂತ ಮಾಡಿನ ಮೇಲೆ ಟರ್ಬೈನ್ ವೆಂಟಿಲೇಟರ್ ಹಾಕಿಸೋ ಯೋಚನೆ ಇದೆಯಾ? ಒಳ್ಳೆಯದೇ, ಹಾಕಿಸಿ. ಆದರೆ ಮೊದಲು ಸೂರಿನ ಅಡಿಯಲ್ಲಿ ಗಾಳಿ ಒಳಗೆ ಬರೋ ಕಿಂಡಿಗಳಿವೆಯಾ ನೋಡಿ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ವಾ? ಸೂರಿನಲ್ಲಿ ದಾರಿ ಇಲ್ಲದಿದ್ದರೆ ವೆಂಟಿಲೇಟರ್ ಸೀಲಿಂಗ್ ಸಂದುಗಳಿಂದ ಕೆಳಗಿನ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಎಸಿ ಓಡುತ್ತಿದ್ದರಂತೂ ದುಡ್ಡು ಕೊಟ್ಟು ಮಾಡಿದ ತಂಪೆಲ್ಲ ಮಾಡಿನಿಂದ ಆಚೆ ಹೋಗುತ್ತದೆ.

ಇದಕ್ಕೆ ಕರೆಂಟ್ ಬೇಡ. ಗಾಳಿ ಬೀಸಿದಾಗ ರೆಕ್ಕೆಗಳು ತಿರುಗಿ ಅಟ್ಟದ ಬಿಸಿಗಾಳಿಯನ್ನು ಮೇಲಕ್ಕೆ ಸೆಳೆಯುತ್ತವೆ. ಗಾಳಿ ನಿಂತಾಗಲೂ ಬಿಸಿಗಾಳಿ ಹಗುರ ಆಗಿರುವುದರಿಂದ ತಾನಾಗಿ ಅದೇ ಬಾಯಿಂದ ಹೊರಗೆ ಹೋಗುತ್ತಿರುತ್ತದೆ, ಕೆಲಸ ನಿಧಾನ ಅಷ್ಟೇ. ಸೆಕೆ ಮಾತ್ರವಲ್ಲ, ತೇವವೂ ಹೋಗುತ್ತದೆ. ಚಳಿಯಲ್ಲಿ ಶೀಟಿನ ಒಳಮೈಗೆ ನೀರು ಕಟ್ಟಿ ಮರ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಬಚ್ಚಲುಮನೆ ಎಕ್ಸಾಸ್ಟ್ ಪೈಪ್ ಅಟ್ಟದೊಳಗೆ ಬಿಟ್ಟಿದ್ದರೆ ಮೊದಲು ಅದನ್ನು ಹೊರಗೆ ತೆಗೆಸಿ.

ಕಿಂಡಿ ಎಷ್ಟಿರಬೇಕು? ಅಟ್ಟದ ನೆಲ 300 ಚದರ ಅಡಿ ಇದ್ದರೆ ಮೇಲೆ ಕೆಳಗೆ ಎಲ್ಲ ಸೇರಿ 2 ಚದರ ಅಡಿ ಅನ್ನುವುದು ರೂಢಿಯ ಲೆಕ್ಕ. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಸೂರಿನ ಕಡೆ ಇರಲಿ. ಹಕ್ಕಿ, ಇಲಿ ಬರದಂತೆ ಹಾಕೋ ಜಾಲರಿ ಒಂದಷ್ಟು ಜಾಗ ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಷ್ಟೋ ಮನೆಗಳಲ್ಲಿ ಕಿಂಡಿ ಇದ್ದೇ ಇರುತ್ತದೆ, ಒಳಗಡೆಯಿಂದ ಹಳೇ ರಟ್ಟಿನ ಡಬ್ಬಗಳನ್ನೋ ಶಾಖ ತಡೆಯೋ ಹೊದಿಕೆಯನ್ನೋ ಅದಕ್ಕೇ ಒತ್ತಿಟ್ಟಿರುತ್ತಾರೆ. ಕಿಂಡಿಯ ಹತ್ತಿರ ತೆಳು ಕಾಗದದ ಪಟ್ಟಿ ಹಿಡಿದು ನೋಡಿ. ಅದು ಅಟ್ಟದ ಒಳಕ್ಕೆ ವಾಲಿದರೆ ಗಾಳಿ ಸರಿಯಾಗಿ ಬರುತ್ತಿದೆ ಅಂತ.

ವೆಂಟಿಲೇಟರ್ ಮಾಡಿನ ನೆತ್ತಿಯ ಹತ್ತಿರ ಇರಲಿ, ಪಕ್ಕದಲ್ಲಿ ನೀರಿನ ಟ್ಯಾಂಕೋ ಎತ್ತರದ ಗೋಡೆಯೋ ಇದ್ದರೆ ಗಾಳಿಯೇ ತಾಗುವುದಿಲ್ಲ. ಮಾಡು ಎಷ್ಟೇ ಇಳಿಜಾರಿದ್ದರೂ ಇದು ನೆಟ್ಟಗೆ ನಿಲ್ಲಬೇಕು, ವಾಲಿದರೆ ಬೇರಿಂಗ್ ಬೇಗ ಸವೆಯುತ್ತದೆ. ಅದರ ಬುಡದ ತಗಡಿನ ಮೇಲಂಚು ಮೇಲಿನ ಹೆಂಚಿನ ಅಡಿಗೆ ಹೋಗಿರಬೇಕು. ಸುತ್ತ ಬರೀ ಸೀಲೆಂಟ್ (ಸಂದು ಮುಚ್ಚೋ ಅಂಟು) ಬಳಿದು ಬಿಟ್ಟರೆ ಬಿಸಿಲಿಗೆ ಬಿರುಕು ಬಿಟ್ಟು ಸೋರುತ್ತದೆ. ಅದೇ ಅಟ್ಟಕ್ಕೆ ಕರೆಂಟಿನ ಫ್ಯಾನ್ ಕೂಡ ಹಾಕಿಸಬೇಡಿ. ಫ್ಯಾನು ಸೂರಿನ ಗಾಳಿ ಬಿಟ್ಟು ಹತ್ತಿರದ ವೆಂಟಿಲೇಟರಿಂದಲೇ ಎಳೆಯುತ್ತದೆ, ಮಳೆ ಬರುವಾಗ ಹನಿಯನ್ನೂ ಸೇರಿಸಿ.

ಕಿರ್ ಕಿರ್ ಸದ್ದು ಶುರುವಾದರೆ ತಡಮಾಡಬೇಡಿ. ಎಣ್ಣೆ ಬಿಡೋ ಜಾತಿಯ ಬೇರಿಂಗ್ ಆದರೆ ಎಣ್ಣೆ ಬಿಡಿ, ಮುಚ್ಚಿದ ಬೇರಿಂಗ್ ಆದರೆ ಬದಲಾಯಿಸುವುದೇ ಸರಿ.