ಅಂಗವೈಕಲ್ಯದ ವಿಮೆ ಕ್ಲೇಮು ತಿರಸ್ಕಾರವಾಯಿತೇ? ಕಾನೂನು ನೆರವು ಹೀಗೆ ಪಡೆಯಿರಿ

ಅಪಘಾತದಲ್ಲಿ ಕಾಲು ಹೋಗಿದೆ, ದುಡಿಮೆ ನಿಂತಿದೆ. ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿ ‘ಕ್ಲೇಮು ತಿರಸ್ಕರಿಸಲಾಗಿದೆ’ ಎಂದು ಪತ್ರ ಕಳಿಸುತ್ತದೆ. ಎಷ್ಟೋ ಮನೆಗಳಲ್ಲಿ ವಿಷಯ ಅಲ್ಲಿಗೇ ನಿಂತುಬಿಡುತ್ತದೆ. ನಿಲ್ಲಬೇಕಿಲ್ಲ.

ಮೊದಲು ಆ ಪತ್ರವನ್ನೇ ನಿಧಾನವಾಗಿ ಓದಿ. ಫೋನಿನಲ್ಲಿ ‘ಆಗಲ್ಲ’ ಅಂದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಇಮೇಲ್ ಮಾಡಿ. ಇದು ಯಾಕೆ ಮುಖ್ಯ ಅಂದರೆ, ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ತರುವಂತಿಲ್ಲ. 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಂದಿದೆ. ಅಂದರೆ ನೀವು ಉತ್ತರಿಸಬೇಕಾದದ್ದು ಪತ್ರದಲ್ಲಿರುವ ಕಾರಣಕ್ಕೆ ಮಾತ್ರ.

ಈಗ ಪಾಲಿಸಿಯ ಪೂರ್ತಿ ಪುಸ್ತಿಕೆ ತೆಗೆಯಿರಿ. ‘ಶಾಶ್ವತ ಪೂರ್ಣ ಅಂಗವೈಕಲ್ಯ’ ಎಂದರೆ ಏನೆಂದು ಅದರಲ್ಲಿ ಬರೆದಿದೆ, ನೋಡಿ. ಜಗಳವೆಲ್ಲ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ. ಸರ್ಕಾರಿ ಪ್ರಮಾಣಪತ್ರದಲ್ಲಿ ಶೇಕಡಾ 60 ಎಂದಿದ್ದರೂ, ಪಾಲಿಸಿ ‘ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ’ ಕೇಳುತ್ತಿರಬಹುದು. ಬರೀ ಶೇಕಡಾವಾರು ಸಾಲದು. ನೀವು ಎಷ್ಟು ಹೊತ್ತು ನಿಲ್ಲಬಲ್ಲಿರಿ, ಎಷ್ಟು ಭಾರ ಎತ್ತಬಲ್ಲಿರಿ, ಹಳೆಯ ಕೆಲಸದ ಯಾವ ಭಾಗ ಇನ್ನು ಆಗದು ಎಂಬುದನ್ನು ಚಿಕಿತ್ಸೆ ಕೊಟ್ಟ ಡಾಕ್ಟರಿಂದ ವಿವರವಾಗಿ ಬರೆಸಿಕೊಳ್ಳಿ. ನನ್ನ ಪ್ರಕಾರ ಇಡೀ ಕಡತದಲ್ಲಿ ಇದಕ್ಕಿಂತ ತೂಕದ ಕಾಗದ ಇನ್ನೊಂದಿಲ್ಲ.

‘ತಡವಾಗಿ ತಿಳಿಸಿದಿರಿ’ ಎಂಬುದು ಕಾರಣವಾಗಿದ್ದರೆ ಎದೆಗುಂದಬೇಡಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಆಸ್ಪತ್ರೆಯಲ್ಲಿ ಮಲಗಿದ್ದವರು ಅರ್ಜಿ ಬರೆಯುತ್ತಾ ಕೂರಲು ಆಗುತ್ತದೆಯೇ, ಹೇಳಿ.

ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮೆ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು. ಶುಲ್ಕವಿಲ್ಲ. 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ವಕೀಲರ ಮೂಲಕ ದೂರು ಕೊಡಲು ಆಗದು, ನೀವೇ ಕೊಡಬೇಕು. ಅಲ್ಲಿನ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ತೃಪ್ತಿಯಾಗದಿದ್ದರೆ ಮುಂದಿನ ದಾರಿ ತೆರೆದೇ ಇರುತ್ತದೆ. ಆದರೆ ಅದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಹಾಗಾಗಿ ಯಾವುದು ಮೊದಲು ಎಂದು ಯೋಚಿಸಿಯೇ ಹೆಜ್ಜೆ ಇಡಿ.

ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಮೇಲೆ. ಅದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಓಡಾಡಲು ಕಷ್ಟವಾದರೆ ವಿಡಿಯೊ ಮೂಲಕ ವಿಚಾರಣೆ ನಡೆಸಿ ಎಂದು ಕೇಳಿಕೊಳ್ಳಬಹುದು.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂದು ಸುಮ್ನೆ ಕೂತವರು ಇದನ್ನು ಖಂಡಿತ ತಿಳಿದಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವಿಕಲರಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಅವರಿಗೆ ಅಡ್ಡ ಬರುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಈ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ.

ಖಾಸಗಿ ವಕೀಲರನ್ನೇ ಹಿಡಿಯುವುದಾದರೆ ವಿಮೆ ಪ್ರಕರಣ ನಡೆಸಿದ್ದಾರಾ ಎಂದು ನೇರವಾಗಿ ಕೇಳಿ. ಫೀಸು ಎಷ್ಟು, ಯಾವಾಗ ಎಂಬುದನ್ನು ಬರೆಸಿಕೊಳ್ಳಿ. ಮೂಲ ಪಾಲಿಸಿ, ಆಸ್ಪತ್ರೆಯ ಕಾಗದ, ಎಫ್‌ಐಆರ್ ನಿಮ್ಮ ಹತ್ತಿರವೇ ಇರಲಿ. ವಕೀಲರಿಗೆ ಜೆರಾಕ್ಸ್ ಕೊಡಿ, ಆಯೋಗ ಕೇಳಿದ ದಿನ ಮೂಲ ತೋರಿಸಿದರಾಯಿತು.